ಸೆಕೆಂಡಿಗೆ ಮೂವತ್ತು ಚಿತ್ರ

ಜುಲೈ 3, ಗುರುವಾರ

ದಿನಾ ಒಂದು ಪುಟ ಬರೆಯಿರಿ ಎಂದಿದ್ದಾರೆ ಡಾಕ್ಟರು. ಏನು ಬರೆಯುವುದು ಎಂದು ಕೇಳಿದೆ. ಬಾಯಲ್ಲಿ ಹೇಳಲಾಗದ್ದನ್ನು ಬರೆಯಿರಿ ಎಂದರು. ಇಪ್ಪತ್ತಾರು ವರ್ಷಗಳಲ್ಲಿ ನಾನು ಬರೆದದ್ದು ಟ್ರಿಪ್ ಶೀಟು ಮಾತ್ರ. ಹೊರಟ ಹೊತ್ತು, ಮುಟ್ಟಿದ ಹೊತ್ತು, ಕಿಲೋಮೀಟರು, ಸಹಿ ಬೋಜಪ್ಪ. ಮಗಳು ಭವಿತಾ ತನ್ನ ಹಳೆಯ ನೋಟ್‌ಬುಕ್ಕೊಂದನ್ನು ಕೊಟ್ಟಿದ್ದಾಳೆ. ಅವಳು ಪುತ್ತೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು, ಹಾಗಾಗಿ ಮೊದಲ ಅರ್ಧದ ತುಂಬ ಎಲುಬುಗಳು. ಉಳಿದರ್ಧ ನನ್ನದು.

ಮೊದಲೇ ಅದನ್ನು ಬರೆದು ಮುಗಿಸುತ್ತೇನೆ. ಮಾರ್ಚ್‌ನಲ್ಲಿ ಕಾವು ಎಂಬ ಊರಿನ ಹತ್ತಿರದ ತಿರುವಿನಲ್ಲಿ ಶಾಲೆಯ ಬಸ್ಸನ್ನು ಚರಂಡಿಗೆ ಇಳಿಸಿದೆ. ಎದುರಿನ ಲಾರಿಯನ್ನು ಹಿಂದಿಕ್ಕುತ್ತಾ ಒಂದು ಪಿಕಪ್ಪು ನನ್ನ ಮೈಮೇಲೇ ಬಂತು. ಒಳಗೆ ಮೂವತ್ತೊಂದು ಮಕ್ಕಳು. ಯಾರಿಗೂ ದೊಡ್ಡ ಏಟಾಗಲಿಲ್ಲ, ತಪ್ಪು ನನ್ನದಲ್ಲ ಎಂದು ಪೊಲೀಸರೂ ಬರೆದರು. ಆದರೆ ನಡುವಿನ ಎರಡು ಸೆಕೆಂಡು ನನಗೆ ನೆನಪೇ ಇಲ್ಲ. ಪಿಕಪ್ಪು ಕಂಡದ್ದು ಗೊತ್ತು, ಬಸ್ಸು ಓರೆಯಾಗಿ ನಿಂತದ್ದು ಗೊತ್ತು. ಮಧ್ಯೆ ಏನು ಮಾಡಿದೆ ಎಂದು ಕೇಳಿದರೆ ಹೇಳಲಾರೆ.

ಜೂನ್‌ನಲ್ಲಿ ಶಾಲೆ ಶುರುವಾದ ದಿನ ಸೀಟಿನಲ್ಲಿ ಕೂತೆ. ಮಕ್ಕಳು ಹತ್ತಿದರು. ಕ್ಲಚ್ ಮೇಲಿಟ್ಟ ಕಾಲನ್ನು ಎತ್ತಲು ಆಗಲಿಲ್ಲ. ಬೆವರಿನಲ್ಲಿ ಅಂಗಿ ಒದ್ದೆಯಾಯಿತು. ಕೊನೆಗೆ ನೆಲ್ಯಾಡಿಯ ಲತೀಶ್ ಎಂಬ ಹುಡುಗ ಡ್ರೈವರನ್ನು ಕರೆಸಿ ಕೂರಿಸಿದರು. ಶಾಲೆಯ ಸಂಚಾಲಕರು ಒಳ್ಳೆಯ ಮನುಷ್ಯ. ಆಟಿ ತಿಂಗಳು ಮುಗಿಯುವವರೆಗೆ ಸೀಟು ನಿಮ್ಮದೇ, ಆಮೇಲೂ ಆಗದಿದ್ದರೆ ಲತೀಶನನ್ನೇ ಖಾಯಂ ಮಾಡಬೇಕಾಗುತ್ತದೆ ಎಂದಿದ್ದಾರೆ. ತುಳು ಲೆಕ್ಕದ ಆಟಿ ಮುಗಿಯುವುದು ಆಗಸ್ಟ್ ಹದಿನಾರಕ್ಕೆ. ಅಷ್ಟರೊಳಗೆ ನಾನು ಡ್ರೈವರು ಹೌದೋ ಅಲ್ಲವೋ ಗೊತ್ತಾಗಬೇಕು. ಸದ್ಯಕ್ಕೆ ಅಂಗಳದಲ್ಲಿ ನಿಂತ ನಮ್ಮ ಓಮ್ನಿಯ ಬಾಗಿಲು ತೆಗೆಯಲೂ ಧೈರ್ಯವಿಲ್ಲ. ಬ್ಯಾಟರಿ ಇಳಿಯಬಾರದೆಂದು ವಾರಕ್ಕೊಮ್ಮೆ ಭವಿತಾ ಸ್ಟಾರ್ಟ್ ಮಾಡಿ ಬಂದ್ ಮಾಡುತ್ತಾಳೆ. ಆ ಶಬ್ದಕ್ಕೆ ನಾನು ಹಿತ್ತಿಲಿಗೆ ಹೋಗುತ್ತೇನೆ.

ಒಂದು ಪುಟ ಎಂದಿದ್ದರು, ಎರಡಾಯಿತು.

ಜುಲೈ 5, ಶನಿವಾರ

ಭವಿತಾ ಇವತ್ತು ಬೇಗ ಬಂದು ತನ್ನ ಹಳೆ ಕಂಪ್ಯೂಟರನ್ನು ಎಬ್ಬಿಸಿದಳು. ಅವಳು ಪಿಯುಸಿಗೆ ಸೇರಿದ ವರ್ಷ ತಂದದ್ದು. ಅದರಲ್ಲಿ ಬಸ್ಸು ಓಡಿಸುವ ಒಂದು ಆಟ ಹಾಕಿದ್ದಾಳೆ. ಐವತ್ಮೂರು ವರ್ಷದವನಿಗೆ ಆಟ.

ಮನೆಯಲ್ಲಿ ನಾವಾಡುವುದು ಅರೆಭಾಷೆ. ಬರೆಯಲು ಬರುವುದು ಕನ್ನಡ, ಹಾಗಾಗಿ ಇಲ್ಲಿ ಎಲ್ಲರೂ ಕನ್ನಡದಲ್ಲೇ ಮಾತಾಡಲಿ.

"ಇದ್ರಲ್ಲಿ ಯಾರಿಗೂ ಎಂತ ಆಗುದಿಲ್ಲ ಅಪ್ಪ. ಚರಂಡಿಗೆ ಬಿದ್ರೂ ಒಂದು ಬಟನ್ ಒತ್ತಿದ್ರೆ ಪುನಃ ರಸ್ತೆಯಲ್ಲಿ ಇರ್ತದೆ" ಎಂದಳು.

ಮಾರ್ಚ್‌ನಲ್ಲಿ ಆ ಬಟನ್ ಎಲ್ಲಿತ್ತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಪಾಪ, ಒಳ್ಳೆಯದಕ್ಕೇ ಹೇಳಿದ್ದು.

ರಸ್ತೆ ಚೆನ್ನಾಗಿದೆ. ಕೇರಳದ ಯಾರೋ ಮಾಡಿದ್ದಂತೆ, ಗುಡ್ಡ, ತಿರುವು, ರಬ್ಬರ್ ಮರ ಎಲ್ಲ ನಮ್ಮ ಕಡೆಯ ಹಾಗೇ ಇದೆ. ಸ್ಟೇರಿಂಗ್ ಇಲ್ಲ, ಬಾಣದ ಗುರುತಿನ ನಾಲ್ಕು ಕೀಲಿ. ಅದನ್ನೂ ಸಹಿಸಿಕೊಂಡೆ. ಆದರೆ ಸ್ವಲ್ಪ ದೂರ ಹೋದ ಮೇಲೆ ಒಂದು ತಿರುವಿನಲ್ಲಿ ಚಿತ್ರ ಗಕ್ಕನೆ ನಿಂತಿತು. ಮತ್ತೆ ಹೊರಟಾಗ ಬಸ್ಸು ಮರಕ್ಕೆ ಗುದ್ದಿ ಆಗಿತ್ತು. ನಡುವಿನದು ಕಾಣಲೇ ಇಲ್ಲ.

ಎದ್ದು ಹೊರಗೆ ಹೋದೆ. ಹಳೆ ಕಂಪ್ಯೂಟರ್ ಅಲ್ವಾ, ಹಾಗೇ ಆಗುವುದು ಎಂದು ಭವಿತಾ ಒಳಗಿನಿಂದ ಸಮಾಧಾನ ಹೇಳುತ್ತಿದ್ದಳು. ನನಗೆ ಕಂಪ್ಯೂಟರಿನ ಮೇಲೆ ಬಂದಷ್ಟು ಸಿಟ್ಟು ಆ ಪಿಕಪ್ಪಿನವನ ಮೇಲೂ ಬಂದಿರಲಿಲ್ಲ.

ಜುಲೈ 8, ಮಂಗಳವಾರ

ಕಂಪ್ಯೂಟರಿನ ಪೆಟ್ಟಿಗೆಯನ್ನು ಆಟೋದಲ್ಲಿ ಇಟ್ಟುಕೊಂಡು ಪುತ್ತೂರಿಗೆ ಹೋಗಿದ್ದೆ, ಸುಲೈಮಾನನ ಅಂಗಡಿಗೆ. ಕಂಪ್ಯೂಟರ್ ರಿಪೇರಿಯಲ್ಲಿ ಅವನ ಕೈ ಒಳ್ಳೆಯದು. ಬಿಚ್ಚಿ, ಗಾಳಿ ಹೊಡೆದು ಧೂಳು ತೆಗೆದ. ಎರಡು ಸತ್ತ ಜಿರಳೆಯೂ ಸಿಕ್ಕಿದವು. ಹೊಸದೇನಾದರೂ ಹಾಕಿ ಜೋರು ಮಾಡಬಹುದೇ ಎಂದು ಕೇಳಿದೆ. ಈ ಬೋರ್ಡಿಗೆ ಹೊಂದುವ ಸಾಮಾನು ಈಗ ಬರುವುದೇ ಇಲ್ಲವಂತೆ. ಇದ್ದದ್ದರಲ್ಲೇ ಓಡಿಸಬೇಕು.

ವಿಚಿತ್ರವೆಂದರೆ ಅವನ ಮೇಜಿನ ಮೇಲೆ ಅದೇ ಆಟ ಮುಕ್ಕಾಲು ಗಂಟೆ ಎಲ್ಲೂ ನಿಲ್ಲದೆ ಓಡಿತು. "ಇದಕ್ಕೆ ಎಂತ ಆಗಿದೆ ಬೋಜಣ್ಣ? ನಿಮ್ಮ ಮನೆಯಲ್ಲಿ ಮಾತ್ರ ಹಟ ಮಾಡುದಾ?" ಎಂದು ನಕ್ಕ. ಧೂಳು ಹೋಯಿತಲ್ಲ, ಸರಿಯಾಯಿತು ಎಂದುಕೊಂಡು ಮನೆಗೆ ತಂದು ಅದರ ಜಾಗದಲ್ಲಿಟ್ಟೆ. ಹದಿನೈದು ನಿಮಿಷದಲ್ಲಿ ಪುನಃ ಅದೇ ಹಾಡು.

ಜುಲೈ 9, ಬುಧವಾರ

ವೋಲ್ಟೇಜ್ ಇರಬಹುದು ಎಂದು ಹರಿಣಾಕ್ಷಿ ಹೇಳಿದಳು. ನನ್ನ ಹೆಂಡತಿಗೆ ಮಿಕ್ಸಿ ನಿಂತರೂ ವೋಲ್ಟೇಜು, ಗಂಡ ನಿಂತರೂ ವೋಲ್ಟೇಜು.

ಜುಲೈ 13, ಭಾನುವಾರ

ಲತೀಶ್ ಬಂದಿದ್ದ. ನನ್ನ ಸೀಟಿನಲ್ಲಿ ಕೂತವನಿಗೆ ಚಹಾ ಕೊಡುವುದು ಸುಲಭವಲ್ಲ, ಆದರೂ ಕೊಟ್ಟೆವು. ಅವನೂ ಈ ಆಟ ಆಡುವವನೇ. ಇನ್ನೂ ಇಪ್ಪತ್ತೆಂಟು, ಮಾತು ಜಾಸ್ತಿ, ಆದರೆ ತಿಳಿದದ್ದನ್ನು ಬಚ್ಚಿಡುವವನಲ್ಲ.

ಅವನು ಹೇಳಿದ್ದು ಇಷ್ಟು. ಪರದೆ ಒಂದು ಸೆಕೆಂಡಿಗೆ ಹಲವು ಚಿತ್ರಗಳನ್ನು ಒಂದರ ಹಿಂದೆ ಒಂದು ತೋರಿಸುತ್ತದೆ, ಅದೇ ನಮಗೆ ಓಟವಾಗಿ ಕಾಣುವುದು. ಎಷ್ಟು ಚಿತ್ರ ಎಂಬ ಲೆಕ್ಕವನ್ನು ಮೂಲೆಯಲ್ಲಿ ಹಳದಿ ಅಂಕಿಯಾಗಿ ಬರುವಂತೆ ಮಾಡಿಕೊಟ್ಟ. ಒಮ್ಮೆ ಐವತ್ತು, ಒಮ್ಮೆ ಹದಿನೇಳು, ಹೀಗೆ ಹಾರುತ್ತಿತ್ತು. ಐವತ್ತರ ಆಸೆ ಬಿಟ್ಟು ಮೂವತ್ತಕ್ಕೇ ಕಟ್ಟಿಹಾಕಿ ಎಂದ. ಹಾರುವ ಐವತ್ತಕ್ಕಿಂತ ಒಂದೇ ಸಮನಾದ ಮೂವತ್ತು ಕಣ್ಣಿಗೆ ಹಿತವಂತೆ. ನನಗೆ ತಕ್ಷಣ ಅರ್ಥವಾಯಿತು. ಶಾಲೆ ಬಸ್ಸಿಗೆ ಸ್ಪೀಡ್ ಗವರ್ನರ್ ಹಾಕುವುದಿಲ್ಲವೇ, ಅದೇ.

ಆಮೇಲೆ ಒಳಗೊಳಗೇ ಓಡುತ್ತಿದ್ದ ಬೇಡದ ಕೆಲಸಗಳನ್ನೆಲ್ಲ ನಿಲ್ಲಿಸಿದ. ಹದಿನಾಲ್ಕು ಇದ್ದವು. ಭವಿತಾಳ ಕಾಲೇಜಿನ ಪ್ರಿಂಟರಿಗೆ ಸಂಬಂಧಪಟ್ಟದ್ದೊಂದು ಆರು ವರ್ಷದಿಂದ ಸುಮ್ಮನೆ ಕಾಯುತ್ತಾ ಕೂತಿತ್ತು. ಟಿಕೆಟ್ ಇಲ್ಲದೆ ಎದುರಿನ ಸೀಟು ಹಿಡಿದವರನ್ನು ಇಳಿಸಿದ ಹಾಗಾಯಿತು.

ಹೊರಡುವಾಗ ಅಂಗಳದಲ್ಲಿ ನಿಂತು, "ಅಣ್ಣ, ಆ ಸೀಟು ನಂಗೆ ಬೇಕು ಅಂತ ನಾನು ಯಾರ ಹತ್ರವೂ ಕೇಳಿದ್ದಲ್ಲ" ಎಂದ. ಗೊತ್ತು ಎಂದೆ. ಗೊತ್ತಿದ್ದರೂ ಹೊಟ್ಟೆಕಿಚ್ಚು ಇದೆ. ಡಾಕ್ಟರು ಇದನ್ನೇ ಬರೆಯಲು ಹೇಳಿದ್ದಿರಬೇಕು.

ಜುಲೈ 16, ಬುಧವಾರ

ನಾಳೆಯಿಂದ ಆಟಿ. ಒಂದು ತಿಂಗಳು ಉಳಿಯಿತು.

ಇವತ್ತು ಪೂರ್ತಿ ಆಟದ ಸೆಟ್ಟಿಂಗುಗಳಲ್ಲಿ ಕಳೆಯಿತು. ಒಂದೊಂದನ್ನೂ ಇಳಿಸಿ, ಸೆಕೆಂಡಿಗೆ ಎಷ್ಟು ಚಿತ್ರ ಉಳಿತಾಯವಾಯಿತು ಎಂದು ನೋಡಿದೆ. ನೆರಳು ತೆಗೆದೆ, ಆರು ಉಳಿಯಿತು. ಹುಲ್ಲು ತೆಗೆದೆ, ಎರಡು. ದೂರದ ಗುಡ್ಡ ಮಸುಕು ಮಾಡಿದೆ, ನಾಲ್ಕು. ಕನ್ನಡಿ ತೆಗೆದರೆ ಏಳು ಉಳಿಯುತ್ತದೆ ಎಂದು ಭವಿತಾ ಫೋನಿನಲ್ಲಿ ಹುಡುಕಿ ಹೇಳಿದಳು. ಅದು ಮಾತ್ರ ಸಾಧ್ಯವಿಲ್ಲ ಎಂದೆ. ಕನ್ನಡಿ ಇಲ್ಲದ ಬಸ್ಸನ್ನು ಓಡಿಸುವವನು ಡ್ರೈವರೇ ಅಲ್ಲ. ಬೇಕಾದರೆ ಆಕಾಶ ತೆಗೆಯಲಿ.

ಪ್ರಯಾಣಿಕರು ಎಷ್ಟಿರಬೇಕೆಂದು ಹೇಳುವ ಒಂದು ಗೆರೆಯೂ ಇದೆ. ಅದನ್ನು ಸೊನ್ನೆಗೆ ಎಳೆದೆ. ಅದರಿಂದ ಒಂದೇ ಚಿತ್ರ ಉಳಿಯುವುದು ಎಂದಳು ಭವಿತಾ. ಒಂದಾದರೂ ಆಯಿತಲ್ಲ ಎಂದೆ. ಅವಳು ನನ್ನ ಮುಖ ನೋಡಿದಳು.

ಜುಲೈ 19, ಶನಿವಾರ

ಎಲ್ಲ ಇಳಿಸಿದೆ, ಎಲ್ಲ ನಿಲ್ಲಿಸಿದೆ. ಚೆನ್ನಾಗಿಯೇ ಓಡುತ್ತಿತ್ತು. ಘಾಟಿ ಇಳಿಯುವಾಗ ಎದುರಿನಿಂದ ಲಾರಿ ಬಂತು, ಚಿತ್ರ ಅಲ್ಲೇ ನಿಂತಿತು. ಎರಡು ಸೆಕೆಂಡು. ಬಸ್ಸು ಕೆಳಗೆ ಬಿದ್ದಿತ್ತು.

ಸಾಕು. ಸೋಮವಾರ ಸಂಚಾಲಕರಿಗೆ ಫೋನ್ ಮಾಡಿ ಸೀಟು ಲತೀಶನಿಗೇ ಕೊಡಿ ಎನ್ನುತ್ತೇನೆ.

ಜುಲೈ 20, ಭಾನುವಾರ

ನಿನ್ನೆ ಬರೆದದ್ದನ್ನು ಹರಿಣಾಕ್ಷಿಗೂ ಬಾಯಿಬಿಟ್ಟು ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಬಿಡುವ ಮನಸ್ಸಿದ್ರೆ ಬಿಡಿ. ನಾನು ಎಂತದೂ ಹೇಳುದಿಲ್ಲ. ಆದ್ರೆ ಅದನ್ನು ಕಂಪ್ಯೂಟರಿನ ತಲೆಗೆ ಕಟ್ಟಬೇಡಿ."

ಸಿಟ್ಟು ಬಂತು. ಕಂಪ್ಯೂಟರಿನದೇ ತಪ್ಪು ಎಂದು ಇವಳಿಗೆ ತೋರಿಸಲೇಬೇಕು ಎಂದು ಕೂತೆ. ನನಗೆ ಗೊತ್ತಿರುವ ಒಂದೇ ವಿದ್ಯೆಯಂತೆ ಟ್ರಿಪ್ ಶೀಟು ಬರೆದೆ. ಐದೈದು ನಿಮಿಷಕ್ಕೆ ಮೂಲೆಯ ಅಂಕಿ.

ಹೊರಟಾಗ ಮೂವತ್ತು. ಐದು ನಿಮಿಷಕ್ಕೆ ಮೂವತ್ತು. ಹತ್ತಕ್ಕೆ ಮೂವತ್ತು. ಹದಿನೈದಕ್ಕೆ ಹತ್ತೊಂಬತ್ತು. ಇಪ್ಪತ್ತಕ್ಕೆ ಹದಿಮೂರು. ಬಂದ್ ಮಾಡಿ ಊಟ ಮಾಡಿ ಬಂದು ಪುನಃ ಬರೆದೆ. ಹೊರಟಾಗ ಮೂವತ್ತು. ಹದಿನೈದಕ್ಕೆ ಹದಿನೆಂಟು. ಮೂರು ಸಲ ಬರೆದೆ, ಮೂರು ಸಲವೂ ಹಾಗೇ.

ಹೊರಡುವಾಗ ಚೆನ್ನಾಗಿ ಎಳೆದು, ಕಾಲು ಗಂಟೆಯ ಮೇಲೆ ಎಳೆತ ಕಳೆದುಕೊಳ್ಳುವ ಗಾಡಿ. ಇದು ರಸ್ತೆಯ ದೋಷವಲ್ಲ, ಡ್ರೈವರನ ದೋಷವಲ್ಲ, ವಯಸ್ಸಿನದೂ ಅಲ್ಲ. ಇದು ಬಿಸಿ. ಇಪ್ಪತ್ತಾರು ವರ್ಷ ರೇಡಿಯೇಟರಿಗೆ ನೀರು ಹೊಯ್ದವನಿಗೆ ಇದು ಹೊಳೆಯಲು ಎರಡು ವಾರ ಬೇಕಾಯಿತಲ್ಲ!

ಜುಲೈ 21, ಸೋಮವಾರ

ಸಂಚಾಲಕರಿಗೆ ಫೋನ್ ಮಾಡುವುದು ಮರೆತೇಹೋಯಿತು.

ಬೆಳಿಗ್ಗೆ ಎದ್ದವನೇ ಕಪಾಟಿನ ಬಾಗಿಲಿಗೆ ಅಂಗೈ ಒತ್ತಿದೆ. ನಮ್ಮ ಕಂಪ್ಯೂಟರಿನ ಪೆಟ್ಟಿಗೆ ಇರುವುದು ಗೋಡೆ ಕಪಾಟಿನ ಕೆಳ ಅಂತಸ್ತಿನಲ್ಲಿ. ವಯರುಗಳು ಮಾತ್ರ ಹಲಗೆಯ ತೂತಿನಿಂದ ಹೊರಗೆ. ಹಲ್ಲಿ, ಇರುವೆ, ಮಳೆಗಾಲದ ಥಂಡಿ ಒಳಗೆ ಹೋಗಬಾರದೆಂದು ಬಾಗಿಲು ಯಾವಾಗಲೂ ಹಾಕಿಯೇ ಇರುತ್ತದೆ. ಕಂಪ್ಯೂಟರ್ ಇನ್ನೂ ಹಾಕಿರಲಿಲ್ಲ, ಆದರೂ ಬಾಗಿಲು ದೋಸೆ ಕಾವಲಿ ಆರುವಾಗ ಇರುವಷ್ಟು ಬಿಸಿ. ತೆಗೆದು ನೋಡಿದರೆ ಪೆಟ್ಟಿಗೆಗೆ ತಾಗಿಕೊಂಡೇ ನಲವತ್ತು ವಾಟಿನ ಬಲ್ಬು ಉರಿಯುತ್ತಿದೆ.

ಇದೇನು ಗುಟ್ಟಿನ ಬಲ್ಬಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕಪಾಟಿನೊಳಗೆ ಬಲ್ಬು ಉರಿಸದ ಮನೆ ಕಡಿಮೆ. ಇಲ್ಲದಿದ್ದರೆ ರೇಷ್ಮೆ ಸೀರೆಗೂ ಮಾರ್ಕ್ಸ್ ಕಾರ್ಡಿಗೂ ಬೂಸ್ಟು ಹಿಡಿಯುತ್ತದೆ. ಹರಿಣಾಕ್ಷಿ ಜೂನ್ ಮೊದಲ ಮಳೆಗೆ ಹಾಕಿದರೆ ನವರಾತ್ರಿಗೆ ಆರಿಸುವುದು. ಬಿಸಿ ಮೇಲಕ್ಕೆ ಏರಬೇಕಲ್ಲ ಎಂದು ಲೆಕ್ಕ ಹಾಕಿ ಹೋಲ್ಡರನ್ನು ಕೆಳ ಅಂತಸ್ತಿಗೆ ಬಡಿದವನು ನಾನೇ. ದಿನಾ ಪೆಟ್ಟಿಗೆಯ ಸ್ವಿಚ್ ಹಾಕಲು ಬಾಗಿಲು ತೆಗೆದಾಗ ಆ ಬೆಳಕಿನಲ್ಲೇ ಸ್ವಿಚ್ ಹುಡುಕಿದ್ದೇನೆ. ಸುಲೈಮಾನನ ಅಂಗಡಿಯಲ್ಲಿ ಅದು ಹಟ ಮಾಡದ್ದು ಯಾಕೆಂದು ಈಗ ಗೊತ್ತಾಯಿತು. ಅಲ್ಲಿ ಅದನ್ನು ಯಾರೂ ಬೇಯಿಸಲಿಲ್ಲ.

ಹೆಂಡತಿಯನ್ನು ಕರೆದು ತೋರಿಸಿದೆ. "ಅಯ್ಯೋ, ಅದಕ್ಕೂ ಥಂಡಿ ಆಗ್ಬಾರ್ದು ಅಂತ ನಾನೇ ಹತ್ತಿರ ದೂಡಿದ್ದು" ಎಂದಳು. ಇಬ್ಬರೂ ಕಪಾಟಿನ ಎದುರು ನೆಲದಲ್ಲಿ ಕೂತು ನಕ್ಕೆವು. ಹರಿಣಾಕ್ಷಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ಇವಳು ಹೀಗೆ ನಕ್ಕು ಎಷ್ಟು ದಿನವಾಯಿತೋ ನನಗೆ ನೆನಪಿಲ್ಲ.

ಪೆಟ್ಟಿಗೆಯನ್ನು ಹೊರಗೆ ಸ್ಟೂಲಿನ ಮೇಲಿಟ್ಟೆ. ಒಂದು ಗಂಟೆ ಓಡಿಸಿದೆ. ಮೂವತ್ತು, ಮೂವತ್ತು, ಮೂವತ್ತು. ಘಾಟಿಯ ಲಾರಿ ಬಂತು, ಎಡಕ್ಕೆ ತೆಗೆದು ಜಾಗ ಕೊಟ್ಟೆ, ಅದು ಹೋಯಿತು. ಪೂರ್ತಿ ಕಂಡೆ, ಮೊದಲಿಂದ ಕೊನೆವರೆಗೆ.

ಜುಲೈ 26, ಶನಿವಾರ

ನಾಲ್ಕು ದಿನ ಬರೆಯಲಿಲ್ಲ, ಪುರುಸೊತ್ತಿರಲಿಲ್ಲ. ಹರಿಣಾಕ್ಷಿಗೂ ನನಗೂ ಒಂದು ಒಪ್ಪಂದವಾಗಿದೆ. ಆಡುವಾಗ ಪೆಟ್ಟಿಗೆ ಹೊರಗೆ, ಆಟ ಮುಗಿದು ಆರಿದ ಮೇಲೆ ಕಪಾಟಿನೊಳಗೆ, ಬಲ್ಬಿನಿಂದ ಎರಡು ಅಂತಸ್ತು ಮೇಲೆ, ಸೀರೆಗಳ ಪಕ್ಕ.

ಈಗ ತುಂಬ ಚಿತ್ರ ಉಳಿಯುತ್ತಿರುವುದರಿಂದ ಹುಲ್ಲನ್ನೂ ನೆರಳನ್ನೂ ವಾಪಸ್ ಹಾಕಿದೆ. ಬಸ್ಸಿಗೆ ಹತ್ತು ಜನ ಹಾಕಿದೆ. ಖಾಲಿ ಬಸ್ಸು ಓಡಿಸಿ ಬೇಜಾರಾಗಿತ್ತು. ಮಧ್ಯಾಹ್ನದ ಮೇಲೆ ಮೂವತ್ತು ಜನ ಹಾಕಿದೆ. ಅಂಕಿ ಇಪ್ಪತ್ತೊಂಬತ್ತಕ್ಕೆ ಇಳಿಯಿತು. ಇಳಿದರೆ ಇಳಿಯಲಿ.

ಇವರು ಹತ್ತಿ ಇಳಿಯುವುದಕ್ಕೆ ತುಂಬ ಹೊತ್ತು ತೆಗೆದುಕೊಳ್ಳುತ್ತಾರೆ. ನಮ್ಮ ಶಾಲೆಯ ಮಕ್ಕಳು ಇದಕ್ಕಿಂತ ಚುರುಕು.

ಆಗಸ್ಟ್ 1, ಶುಕ್ರವಾರ

ಇವತ್ತು ನನ್ನದೇ ದಡ್ಡತನದಿಂದ ದೊಡ್ಡ ಗಡಿಬಿಡಿ. ಕಂಪ್ಯೂಟರಿನ ಚಿಪ್‌ಗೂ ಅದರ ಮೇಲಿನ ಫ್ಯಾನಿಗೂ ನಡುವೆ ಬಿಸಿ ಸಾಗಿಸಲು ಒಂದು ಪೇಸ್ಟ್ ಹಚ್ಚುತ್ತಾರಂತೆ, ಇಷ್ಟು ವರ್ಷದ ಬೇಯುವಿಕೆಯಲ್ಲಿ ಅದು ಒಣಗಿ ಹೋಗಿರುತ್ತದೆ ಎಂದು ಲತೀಶ್ ಹೇಳಿದ್ದ. ನೋಡೋಣ ಎಂದು ಬೆಳಿಗ್ಗೆ ಫ್ಯಾನ್ ಬಿಚ್ಚಿದೆ. ಸುಣ್ಣದ ಹಾಗೆ ಉದುರಿತು. ಇನ್ನು ಹೊಸ ಪೇಸ್ಟ್ ಇಲ್ಲದೆ ಕಂಪ್ಯೂಟರ್ ಹಾಕುವಂತಿಲ್ಲ. ಸುಲೈಮಾನನಿಗೆ ಫೋನ್ ಮಾಡಿದರೆ, ಪೇಸ್ಟ್ ಉಂಟು, ಆದರೆ ಹನ್ನೆರಡೂವರೆಗೆ ಜುಮಾ ನಮಾಜಿಗೆ ಬಾಗಿಲು ಹಾಕುತ್ತೇನೆ, ಅಲ್ಲಿಂದ ಸೀದಾ ಕಡಬಕ್ಕೆ ತಂಗಿಯ ಮನೆಗೆ, ಇನ್ನು ಸೋಮವಾರವೇ ಎಂದ. ಆಗಲೇ ಹನ್ನೆರಡು ಗಂಟೆ. ಸ್ಕೂಟರನ್ನು ಭವಿತಾ ಕೊಂಡುಹೋಗಿದ್ದಳು, ಆಟೋಗೆ ಕಾಯುತ್ತಾ ನಿಂತರೆ ಆಗುವ ಕೆಲಸವಲ್ಲ. ಪೆಟ್ಟಿಗೆ ಬಿಚ್ಚಿದಂತೆಯೇ ಬಿಟ್ಟು ಹೊರಟೆ.

ಕಬಕದಲ್ಲೇ ಒಂದು ಟ್ಯಾಂಕರ್ ಮುಂದೆ ಸಿಕ್ಕಿ, ಊರಿನೊಳಗೆ ಬರುವವರೆಗೂ ದಾರಿ ಬಿಡಲಿಲ್ಲ. ಪುತ್ತೂರಿನಲ್ಲಿ ನಿಲ್ಲಿಸಲು ಜಾಗವಿಲ್ಲ. ಬಸ್ ಸ್ಟ್ಯಾಂಡಿಗೆ ಎರಡು ಸುತ್ತು ಹಾಕಿ, ಕೊನೆಗೆ ಒಂದು ಜವಳಿ ಅಂಗಡಿಯ ಎದುರು ಹಿಮ್ಮುಖವಾಗಿ ತೂರಿಸಿ ಓಡಿದೆ. ಸುಲೈಮಾನ್ ಶಟರ್ ಅರ್ಧ ಎಳೆದಿದ್ದ. ಉಸಿರು ಕಟ್ಟಿ ನಿಂತವನನ್ನು ನೋಡಿ ಪೇಸ್ಟ್ ಕೈಗಿಟ್ಟ. ಹುರುಳಿ ಕಾಳಿನಷ್ಟು ಸಾಕು, ಬೆಣ್ಣೆ ಸವರಿದ ಹಾಗೆ ಸವರಬೇಡಿ ಎಂದ.

ಹಾಗೇ ಮಾಡಿದೆ. ಈಗ ನಲವತ್ತಕ್ಕೆ ಕಟ್ಟಿದರೂ ಅಲ್ಲಾಡದೆ ನಿಲ್ಲುತ್ತದೆ. ತುಂಬ ಸಮಾಧಾನದ ದಿನ.

ಸಂಜೆ ಹರಿಣಾಕ್ಷಿ ಹೆಸರುಬೇಳೆ ಪಾಯಸ ಮಾಡಿದ್ದಳು. ಏನು ವಿಶೇಷ ಎಂದರೆ, ಬೇಳೆಗೆ ಹುಳ ಬೀಳುವ ಮೊದಲು ಮುಗಿಸಬೇಕಿತ್ತು ಎಂದಳು. ತಾಯಿ ಮಗಳು ಅಡುಗೆಮನೆಯಲ್ಲಿ ಏನೋ ಗುಸುಗುಸು ಮಾಡುತ್ತಿದ್ದರು, ನಾನು ಹೋದ ಕೂಡಲೇ ನಿಂತಿತು. ಹೆಂಗಸರ ವಿಷಯ, ನನಗೇಕೆ.

ಆಗಸ್ಟ್ 2, ಶನಿವಾರ

ಹೇಗೆ ಬರೆಯುವುದೋ ಗೊತ್ತಿಲ್ಲ.

ಬೆಳಿಗ್ಗೆ ಭವಿತಾ, ಸ್ಕೂಟರಿಗೆ ಗಾಳಿ ಕಡಿಮೆ ಆಗಿದೆ, ಆಸ್ಪತ್ರೆಗೆ ಬಿಟ್ಟು ಬನ್ನಿ ಅಪ್ಪ ಎಂದಳು. ಸಹಜವಾಗಿ ಹೇಳಿದಳು, ಉಪ್ಪು ಕೊಡಿ ಎನ್ನುವ ಹಾಗೆ. ನಾನು ಪೇಸ್ಟಿನ ವಿಷಯ ಹೇಳುತ್ತಲೇ ಓಮ್ನಿಯ ಬೀಗ ತೆಗೆದೆ, ಹೇಳುತ್ತಲೇ ಗೇಟು ದಾಟಿದೆ. ಕಬಕ ಕಳೆದು ಸ್ವಲ್ಪ ದೂರ ಹೋದ ಮೇಲೆ ಗೇರು ಬದಲಿಸುವಾಗ ನನ್ನ ಕೈ ನನ್ನ ಕಣ್ಣಿಗೆ ಬಿತ್ತು. ಕಾಲು ಬ್ರೇಕಿನ ಕಡೆಗೆ ಹೋಯಿತು.

"ನಿಲ್ಲಿಸಬೇಡಿ ಅಪ್ಪ. ನಿನ್ನೆಯೂ ನೀವೇ ಓಡಿಸಿದ್ದು" ಎಂದಳು ಭವಿತಾ.

ನಿನ್ನೆ ನಾನು ಹೇಗೆ ಹೋದೆ ಎಂದು ಆಗ ನೆನಪು ಮಾಡಿಕೊಂಡೆ. ಕೀ ತೆಗೆದದ್ದು, ಟ್ಯಾಂಕರಿನ ಹಿಂದೆ ಹೋದದ್ದು, ಹಿಮ್ಮುಖ ತೂರಿಸಿದ್ದು, ಎಲ್ಲವೂ ಒಂದೊಂದಾಗಿ ಬಂತು, ನಡುವೆ ಒಂದೂ ಬಿಟ್ಟುಹೋಗದೆ. ಹರಿಣಾಕ್ಷಿ ಗೇಟಿನ ಹತ್ತಿರ ಎದೆಗೆ ಕೈ ಇಟ್ಟುಕೊಂಡು ನಿಂತು ನೋಡಿದ್ದಳಂತೆ. ಕರೆದರೆ ಎಲ್ಲಿ ಎಚ್ಚರವಾಗಿ ಕಾಲು ಕಟ್ಟಿಹೋಗುತ್ತದೋ ಎಂದು ಕರೆಯಲಿಲ್ಲವಂತೆ. ನಾನು ವಾಪಸ್ ಬರುವವರೆಗೆ ಒಳಗೆ ಹೋಗಲಿಲ್ಲವಂತೆ.

ಆಸ್ಪತ್ರೆಯ ಎದುರು ಮಗಳನ್ನು ಇಳಿಸಿ, ಬದಿಗೆ ನಿಲ್ಲಿಸಿ, ಸ್ಟೇರಿಂಗಿಗೆ ಹಣೆ ಇಟ್ಟು ಅತ್ತೆ. ಹೆದರಿಕೆಗೆ ಅಲ್ಲ. ತಲೆಯಿಂದ ಹೊರೆ ಇಳಿದರೆ ಕುತ್ತಿಗೆ ಕೊಂಚ ಹೊತ್ತು ನಡುಗುವುದಿಲ್ಲವೇ, ಹಾಗೆ. ಹಿಂದಿನ ಆಟೋದವನು ಹಾರ್ನ್ ಹೊಡೆದ. ಗಾಡಿ ತೆಗೆದೆ.

ಮನೆಗೆ ಬಂದು ಸಂಚಾಲಕರಿಗೆ ಫೋನ್ ಮಾಡಿ ಸೋಮವಾರ ಬರಲೇ ಎಂದು ಕೇಳಿದೆ. ಆಟಿ ಮುಗಿಯಲು ಇನ್ನೂ ಎರಡು ವಾರ ಉಂಟಲ್ಲ ಬೋಜಪ್ಪಣ್ಣ, ಆಟಿಯಲ್ಲಿ ಹೊಸ ಕೆಲಸ ಶುರು ಮಾಡುವ ಕ್ರಮ ಇಲ್ಲವಲ್ಲ ಎಂದು ತಮಾಷೆ ಮಾಡಿದರು. ಹೊಸ ಕೆಲಸವಲ್ಲ, ಹಳೆಯದೇ ಎಂದೆ. ಮೊದಲ ದಿನ ಲತೀಶ್ ಪಕ್ಕದಲ್ಲಿ ಕೂತಿರಲಿ ಎಂದರು. ಕೂರಲಿ ಎಂದೆ. ಲತೀಶನಿಗೆ ಇನ್ನೊಂದು ರೂಟಿನ ಬಸ್ಸು ಕೊಡುತ್ತಾರಂತೆ. ಅವನಿಗೂ ಒಂದು ದಾರಿಯಾಯಿತು, ಮನಸ್ಸು ಹಗುರವಾಯಿತು.

ಆಗಸ್ಟ್ 4, ಸೋಮವಾರ

ಬೆಳಿಗ್ಗೆ ಒಂದು ಟ್ರಿಪ್ಪು, ಸಂಜೆ ಒಂದು. ಇವತ್ತು ನಿಧಾನವಾಗಿಯೇ ಓಡಿಸಿದೆ. ಲತೀಶ್ ಪಕ್ಕದ ಸೀಟಿನಲ್ಲಿ ಅರ್ಧ ದಾರಿ ನಿದ್ದೆ ಹೊಡೆದ.

ಸಂಜೆ ಕುಂಬ್ರದ ಸ್ಟಾಪಿನಲ್ಲಿ ಮೊಮ್ಮಗಳನ್ನು ಕರೆದೊಯ್ಯಲು ಬಂದ ಒಬ್ಬರು ಅಜ್ಜಿ ಕೊಡೆ ಹಿಡಿದು ಕಾಯುತ್ತಿದ್ದರು. ನಾನು ಬಾಗಿಲು ತೆಗೆಯುವುದಕ್ಕೂ ಬಿಡಲಿಲ್ಲ.

"ಎಂತ ಡ್ರೈವರ್ ಮಾರಾಯ್ರೆ ನೀವು? ಹದಿನೈದು ನಿಮಿಷ ಲೇಟು. ನನ್ನ ಕಾಲು ಎಂತ ಆಗ್ಬೇಕು?"

ಮಾರ್ಚ್‌ನಿಂದ ಈಚೆ ಎಲ್ಲರೂ ನನ್ನ ಹತ್ತಿರ ಜ್ವರದವನ ಹತ್ತಿರ ಮಾತಾಡುವ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು. ಸಂಚಾಲಕರು, ಟೀಚರುಗಳು, ಡಾಕ್ಟರು, ನೆರೆಯವರು, ನನ್ನ ಹೆಂಡತಿಯೂ. ಇವತ್ತು ಒಬ್ಬರು ಬೈದರು. ನಾಳೆಯಿಂದ ಸರಿಯಾದ ಹೊತ್ತಿಗೆ ಬರುತ್ತೇನೆ ಅಮ್ಮ ಎಂದೆ.